ಇಷ್ಟೊಂದು ಲೈಟ್ ಇದ್ರೂ ಕತ್ತಲೆ ಯಾಕೆ?

ಕಳೆದ ಸೆಮಿಸ್ಟರ್‌ನಲ್ಲಿ ನಾವು ಇಂಡಸ್ಟ್ರಿಯಲ್ ವಿಸಿಟ್‌ಗೆ ಅಂತ ಒಂದು ಆಫೀಸಿಗೆ ಹೋಗಿದ್ವಿ. ಹಳೇ ಕಟ್ಟಡ, ಆಗಷ್ಟೇ ರಿನೋವೇಟ್ ಮಾಡಿದ್ರು. ಲಾಬಿಯ ಗೋಡೆ, ನೆಲಕ್ಕೆಲ್ಲ ಕಪ್ಪು ಗ್ರಾನೈಟ್, ಸೀಲಿಂಗ್ ತುಂಬ ಎಲ್‌ಇಡಿ ಸ್ಪಾಟ್‌ಲೈಟ್. ಫೋಟೋಗೆ ಸೂಪರ್! ಆದರೆ ಮಧ್ಯಾಹ್ನದ ಬಿಸಿಲಿನಿಂದ ಒಳಗೆ ಕಾಲಿಟ್ಟ ತಕ್ಷಣ ಏನೂ ಕಾಣಲಿಲ್ಲ. ಎದುರಿಗಿದ್ದ ಎರಡು ಮೆಟ್ಟಿಲಿಗೆ ನಮ್ಮಲ್ಲೊಬ್ಬ ಎಡವಿ ಬಿದ್ದ. ಎದ್ದು ನಕ್ಕ, ನಾವೂ ನಕ್ವಿ. ಅದೇ ಜಾಗದಲ್ಲಿ ಅವನ ಅಜ್ಜಿ ಬಿದ್ದಿದ್ದರೆ? ವಾಪಸ್ ಬರುವಾಗ ಬಸ್ಸಿನಲ್ಲಿ ಇದೇ ಚರ್ಚೆ.

ಕಣ್ಣಿನ ಲೆಕ್ಕ

ಒಂದು ಚದರ ಮೀಟರ್ ಮೇಲೆ ಎಷ್ಟು ಲೂಮೆನ್ ಬೆಳಕು ಬೀಳುತ್ತೋ ಅದೇ ಲಕ್ಸ್. ನಡುಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಯುರೋಪಿನ ಇಎನ್ 12464-1 ಮಾನದಂಡ ಲಾಬಿಗೆ ಕೇಳೋದು 100 ಲಕ್ಸ್, ರಿಸೆಪ್ಷನ್ ಮೇಜಿಗೆ 300. ಅಂದರೆ ಬಾಗಿಲು ದಾಟುವ ಒಂದು ಹೆಜ್ಜೆಯಲ್ಲಿ ಬೆಳಕು ಸಾವಿರ ಪಟ್ಟು ಇಳಿಯಬಹುದು. ಕಣ್ಣಿನ ಪಾಪೆ 2 ಮಿ.ಮೀ.ನಿಂದ 8 ಮಿ.ಮೀ.ವರೆಗೆ ಹಿಗ್ಗಿದರೂ ವಿಸ್ತೀರ್ಣ ಹೆಚ್ಚೋದು 16 ಪಟ್ಟು ಮಾತ್ರ. ಉಳಿದ ಕೆಲಸ ರೆಟಿನಾದ್ದು, ಅದಕ್ಕೆ ಸಮಯ ಬೇಕು. ವಯಸ್ಸಾದವರ ಪಾಪೆ ಅಷ್ಟೂ ಹಿಗ್ಗಲ್ಲ, ಅವರಿಗೆ ಇನ್ನೂ ಕಷ್ಟ.

ಲಕ್ಸ್ ಒಂದೇ ಸಾಲದು

ನಮ್ಮ ಕಣ್ಣಿಗೆ ಕಾಣೋದು ಬೀಳುವ ಬೆಳಕಲ್ಲ, ವಾಪಸ್ ಬರುವ ಬೆಳಕು. ಮ್ಯಾಟ್ ಮೇಲ್ಮೈಗೆ ಸೂತ್ರ ಸುಲಭ: ಲಕ್ಸ್ ಅನ್ನು ಪ್ರತಿಫಲನಾಂಕದಿಂದ ಗುಣಿಸಿ, ಪೈನಿಂದ ಭಾಗಿಸಿ. 200 ಲಕ್ಸ್ ಬಿದ್ದಾಗ, 70% ಪ್ರತಿಫಲಿಸುವ ಬಿಳಿ ಗೋಡೆ ಚದರ ಮೀಟರಿಗೆ ಸುಮಾರು 45 ಕ್ಯಾಂಡೆಲಾ ಕೊಡುತ್ತೆ. 10% ಪ್ರತಿಫಲಿಸುವ ಕಪ್ಪು ಗೋಡೆ ಕೊಡೋದು ಬರೀ 6. ಕರೆಂಟ್ ಬಿಲ್ ಅಷ್ಟೇ, ಬೆಳಕು ಏಳನೇ ಒಂದು ಭಾಗ! ಪಾಲಿಶ್ ಮಾಡಿದ ಗ್ರಾನೈಟ್ ಆದರೆ ಸ್ಪಾಟ್‌ಲೈಟ್‌ನ ಬಿಂಬ ಕನ್ನಡಿಯಲ್ಲಿ ಕಂಡಂತೆ ಕಂಡು ಕಣ್ಣಿಗೆ ಹೊಡೆಯುತ್ತೆ.

ಅದಕ್ಕೇ ಮೊದಲು ಗೋಡೆ, ಸೀಲಿಂಗ್‌ಗೆ ತಿಳಿ ಬಣ್ಣ ಬೇಕು. ಆಮೇಲೆ ಬೆಳಕನ್ನು ನೆಲಕ್ಕಷ್ಟೇ ಸುರಿಯದೆ ಗೋಡೆಗೂ ಹಾಯಿಸಬೇಕು. ಆಗ ಎದುರಿಗಿರುವವರ ಮುಖಾನೂ ಕಾಣುತ್ತೆ. ನೆತ್ತಿಯ ಮೇಲಿನ ಸ್ಪಾಟ್‌ಲೈಟ್ ಒಂದೇ ಇದ್ದರೆ ಎಲ್ಲರ ಕಣ್ಣ ಕೆಳಗೂ ನೆರಳು. ಮೆಟ್ಟಿಲಿನ ಅಂಚಿಗಂತೂ ಬೇರೆ ಬಣ್ಣದ ಪಟ್ಟಿ ಇರಲೇಬೇಕು.

ಹಗಲಿಗೊಂದು, ರಾತ್ರಿಗೊಂದು

ಲಾಬಿಗೆ ಹೆಚ್ಚು ಬೆಳಕು ಬೇಕಾಗೋದು ರಾತ್ರಿಯಲ್ಲ, ಹಗಲು! ಹಗಲು ಬಾಗಿಲ ಹತ್ತಿರ ಜಾಸ್ತಿ ಇಟ್ಟು, ಒಳಗೆ ಹೋದಂತೆ ಇಳಿಸುತ್ತಾ ಬಂದರೆ ಕಣ್ಣು ಹೊಂದಿಕೊಳ್ಳುತ್ತೆ. ರಾತ್ರಿ ಹೊರಗೆ ಬೀದಿದೀಪದ 10–20 ಲಕ್ಸ್ ಅಷ್ಟೇ ಇರುತ್ತೆ. ಆಗ ಲಾಬಿ ಝಗಮಗ ಅಂತಿದ್ದರೆ ಹೊರಗೆ ಹೋಗುವವರಿಗೆ ರಸ್ತೆಯೇ ಕಾಣಲ್ಲ. ಒಂದು ಲೈಟ್ ಸೆನ್ಸರ್, ಡಿಮ್ ಮಾಡಬಹುದಾದ ಡ್ರೈವರ್ ಇದ್ದರೆ ಇದು ತಾನಾಗಿಯೇ ಆಗುತ್ತೆ.

ನ್ಯೂಯಾರ್ಕಿನ ಪಾಠ

1931ರಲ್ಲಿ ತೆರೆದ ಎಂಪೈರ್ ಸ್ಟೇಟ್ ಬಿಲ್ಡಿಂಗ್‌ನ ಲಾಬಿಯ ಸೀಲಿಂಗ್‌ನಲ್ಲಿ ಅಲ್ಯೂಮಿನಿಯಂ ಹಾಳೆ ಮತ್ತು ಚಿನ್ನದ ರೇಕಿನ ಚಿತ್ರ ಇತ್ತು. 1960ರ ದಶಕದಲ್ಲಿ ಅದನ್ನ ಮುಚ್ಚಿ ಕೆಳಗೆ ಪ್ಲಾಸ್ಟಿಕ್ ಸೀಲಿಂಗ್, ಟ್ಯೂಬ್‌ಲೈಟ್ ಹಾಕಿದರು. ಬೆಳಕು ಬಂತು, ಸೀಲಿಂಗ್ ಹೋಯ್ತು. ಮೂಲ ಚಿತ್ರ ಎಷ್ಟು ಹಾಳಾಗಿತ್ತು ಅಂದ್ರೆ, 2009ರಲ್ಲಿ ಅದರ ಪ್ರತಿಕೃತಿಯನ್ನೇ ಮಾಡಿ ಕೂರಿಸಬೇಕಾಯ್ತು. ಮೂಲ ವಿನ್ಯಾಸದಲ್ಲಿದ್ದೂ ಹಾಕಿಸದೇ ಬಿಟ್ಟಿದ್ದ ಎರಡು ತೂಗುದೀಪಗಳೂ ಆಗಲೇ ಬಂದವು.

ರಿನೋವೇಶನ್ ಅಂದ್ರೆ ಹಳೇ ಫಿಟ್ಟಿಂಗ್ ಕಿತ್ತು ಹೊಸದು ಹಾಕೋದಷ್ಟೇ ಅಲ್ಲ ಅಂತ ನಮಗೆ ಅರ್ಥ ಆಗಿದ್ದು ಇಲ್ಲೇ. ಲಾಬಿಗೆ ಕನ್ನಡದಲ್ಲಿ ಮೊಗಸಾಲೆ ಅಂತ ಚೆಂದದ ಹೆಸರಿದೆ. ಮುಂದೆ ನಾವ್ಯಾರಾದರೂ ಒಂದು ಮೊಗಸಾಲೆ ಡಿಸೈನ್ ಮಾಡಿದರೆ, ಫೋಟೋಗಿಂತ ಮೊದಲು ಬಿಸಿಲಿನಿಂದ ಒಳಗೆ ಬರುವ ಅಜ್ಜಿಯನ್ನ ನೆನೆಸಿಕೊಳ್ಳೋಣ.