ಮಧ್ಯಾಹ್ನದ ಮೊಗ್ಗಿಗೆ ಸಂಜೆಯ ಘಮ ಎಲ್ಲಿಂದ?

ಪ್ರಶ್ನೆ: ಸಂಪಿಗೆ ರಸ್ತೆಯಲ್ಲಿ ಮಧ್ಯಾಹ್ನ ಕೊಂಡ ಮಲ್ಲಿಗೆ ಮೊಗ್ಗಿಗೆ ವಾಸನೆಯೇ ಇರುವುದಿಲ್ಲ, ಸಂಜೆ ದೇವರಮನೆಯೆಲ್ಲ ಘಮಘಮ. ಅಂಗಡಿಯ ಉದ್ದ ಕಾಂಡದ ಗುಲಾಬಿ ಮಾತ್ರ ಎಂದೂ ಘಮಿಸದು. ಏಕೆ?
– ಓದುಗರು, ವೈಯಾಲಿಕಾವಲ್

ಉತ್ತರ: ಮೊಗ್ಗಿನೊಳಗೆ ಅತ್ತರಿನ ಸೀಸೆಯೇನೂ ಇಲ್ಲ. ಗಿಡದಿಂದ ಕಿತ್ತ ಮೇಲೂ ಮಲ್ಲಿಗೆಯ ಎಸಳು ಬದುಕಿರುತ್ತದೆ. ಅರಳುತ್ತಾ ಲಿನಲೂಲ್, ಬೆಂಜೈಲ್ ಅಸಿಟೇಟ್‌ನಂಥ ಹಗುರ ಅಣುಗಳನ್ನು ಆಗಿಂದಾಗಲೇ ತಯಾರಿಸಿ ಗಾಳಿಗೆ ಬಿಡುತ್ತದೆ. ಜೀನ್ ಅಂದರೆ ಪಾಕದ ಚೀಟಿ, ಅದನ್ನು ನೋಡಿ ಅಡುಗೆ ಮಾಡುವ ಭಟ್ಟರು ಕಿಣ್ವಗಳು.

ಒಲೆ ಹಚ್ಚುವವರು ಯಾರು? ಇದು ಚೆನ್ನಾಗಿ ತಿಳಿದಿರುವುದು ಪೆಟೂನಿಯಾದಲ್ಲಿ, ಲಾಲ್‌ಬಾಗ್ ಪುಷ್ಪ ಪ್ರದರ್ಶನದಲ್ಲಿ ಕುಂಡಗಟ್ಟಲೆ ಜೋಡಿಸುತ್ತಾರಲ್ಲ, ಆ ಹೂ. 2005ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನಿಗಳು ಅದರಲ್ಲಿ 'ಓಡೊರಂಟ್1' ಎಂಬ ಮೇಸ್ತ್ರಿ ಜೀನನ್ನು ಗುರುತಿಸಿದರು. ಅದನ್ನು ಅಡಗಿಸಿದರೆ ಬಣ್ಣ ಹಾಗೇ ಉಳಿದು ಕಂಪು ಮಾತ್ರ ಕುಸಿಯುತ್ತದೆ. ಬೆಳಿಗ್ಗೆ ಈ ಮೇಸ್ತ್ರಿಯ ಕೈ ಕಟ್ಟಿಹಾಕುವುದು ಗಿಡದ ಒಳಗಡಿಯಾರದ ಇನ್ನೊಂದು ಜೀನ್. ಸಂಜೆಗೆ ಹಿಡಿತ ಸಡಿಲ, ರಾತ್ರಿ ಹಾರುವ ಪತಂಗಕ್ಕೆ ಸರಿಯಾಗಿ ಊಟ ಸಿದ್ಧ!

ಗುಲಾಬಿಯ ಕಥೆ ಬೇರೆ. ಕಂಪುಳ್ಳ 'ಪಾಪಾ ಮೆಯಾಂ' ತಳಿಯನ್ನು ಕಂಪಿಲ್ಲದ 'ರೂಜ್ ಮೆಯಾಂ' ಜೊತೆ ಹೋಲಿಸಿದ ಫ್ರೆಂಚ್ ಸಂಶೋಧಕರು 2015ರಲ್ಲಿ ಕಂಡದ್ದು: ಎರಡನೆಯದರಲ್ಲಿ ಕಂಪು ತಯಾರಿಕೆಗೆ ಬೇಕಾದ 'ನುಡ್ಎಕ್ಸ್1' ಜೀನ್ ಹೆಚ್ಚುಕಡಿಮೆ ಮೌನ. ಬಣ್ಣ, ಬಾಳಿಕೆ ನೋಡಿ ತಳಿ ಆರಿಸಿದ ನಾವೇ ಘಮವನ್ನು ಕೈಬಿಟ್ಟೆವು ಎನ್ನಬೇಕು.

ಅಂದಹಾಗೆ, ಚಳಿಯಲ್ಲಿ ಕಿಣ್ವಗಳೂ ನಿಧಾನ. ಸಂಜೆ ಪೂಜೆಗೆ ಬೇಕಾದ ಮೊಗ್ಗನ್ನು ಮೊದಲೇ ಫ್ರಿಜ್ಜಿನಿಂದ ತೆಗೆದಿಡಿ.