ಹುಣಸೆಮರದಿಂದ ಹೆದ್ದಾರಿವರೆಗೆ: ದೆವ್ವದ ಮಾತು ಮತ್ತು ವಾಸ್ತವ

ದುಡ್ಡು ತೆಗೆದುಕೊಂಡು ರಾತ್ರಿ ಹೊತ್ತು ಹಳೇ ಬಂಗಲೆ, ಸ್ಮಶಾನದ ದಾರಿ ಸುತ್ತಿಸಿ ದೆವ್ವದ ಕಥೆ ಹೇಳುವವರು ಬೆಂಗಳೂರಿನಲ್ಲಿ ಇದ್ದಾರೆ. ಆ ಕಥೆಗಳೇ ಮೊಬೈಲಿನಲ್ಲಿ ಚನ್ನಪಟ್ಟಣ ದಾಟಿ ನಮ್ಮ ವಿರೂಪಾಕ್ಷಿಪುರದ ಅರಳಿಕಟ್ಟೆಗೂ ಬರುತ್ತವೆ, ಇಲ್ಲಿನ ಹಳೆಯ ಮಾತುಗಳ ಜೊತೆ ಬೆರೆತು ಹೊಸದಾಗಿ ಹುಟ್ಟುತ್ತವೆ. ನಾವೆಲ್ಲ ಇವನ್ನು ಕೇಳುತ್ತಲೇ ಬೆಳೆದವರು, ನಂಬಿ ಹೆದರಿದವರು. ಹೆದರಿದ್ದು ಸುಳ್ಳಲ್ಲ. ಹೆದರಿಕೆಗೆ ಕೊಟ್ಟ ಕಾರಣ ಮಾತ್ರ ತಪ್ಪು.

ತಪ್ಪು ಕಲ್ಪನೆ: ಹುಣಸೆಮರದಲ್ಲಿ ದೆವ್ವ ಇರುತ್ತದೆ, ರಾತ್ರಿ ಅದರಡಿ ಮಲಗಿದವರು ಬೆಳಿಗ್ಗೆ ಏಳುವುದಿಲ್ಲ.

ವಾಸ್ತವ: ಸಂಜೆಯಾದರೆ ಹುಣಸೆ ತನ್ನ ಎಲೆಗಳನ್ನು ಮಡಿಚಿಕೊಳ್ಳುತ್ತದೆ. ಬೇಕಾದರೆ ಟಾರ್ಚ್ ಹಿಡಿದು ಒಂದು ರೆಂಬೆ ನೋಡಿ: ಹಗಲು ಹರಡಿಕೊಂಡಿದ್ದ ಪುಟ್ಟ ಎಲೆಗಳು ಜೋಡಿಜೋಡಿಯಾಗಿ ಮುಖಕ್ಕೆ ಮುಖ ಸೇರಿಸಿ ಮುಚ್ಚಿಕೊಂಡಿರುತ್ತವೆ. ಹಗಲು ಕಂಡ ಮರವೇ ರಾತ್ರಿ ಬೇರೆ ಮರದಂತೆ ಕಾಣುವುದು ಇದಕ್ಕೇ. ಹಳೇ ಮರದ ಪೊಟರೆಯಲ್ಲಿ ಕಣಜ ಗೂಬೆ ಇದ್ದರೆ ಮುಗಿಯಿತು. ಬಿಳಿ ಮುಖ, ಬಿಳಿ ಹೊಟ್ಟೆ, ಹಾರಿದರೆ ರೆಕ್ಕೆಯ ಸದ್ದಿಲ್ಲ. ಅದು ಗೂಕ್ ಎನ್ನುವುದಿಲ್ಲ, ಕಿರುಚುತ್ತದೆ. ಹೆಂಗಸು ಚೀರಿದಂತೆಯೇ ಕೇಳುತ್ತದೆ. ಆದರೆ ಅದು ಹಿಡಿಯುವುದು ಇಲಿ ಹೆಗ್ಗಣಗಳನ್ನು. ರಾಗಿ ಬೆಳೆಯುವವರು ಅದನ್ನು ಕಲ್ಲು ಹೊಡೆದು ಓಡಿಸಿದರೆ ನಷ್ಟ ರಾಗಿಗೇ. ಇನ್ನು ಮರ ರಾತ್ರಿ ಪ್ರಾಣವಾಯು ಎಳೆದುಕೊಂಡು ಕೊಲ್ಲುತ್ತದೆ ಎಂದು ವಿಜ್ಞಾನದ ಹೆಸರಲ್ಲಿ ಹೇಳುವವರೂ ಇದ್ದಾರೆ. ಮರ ಉಸಿರಾಡುವುದು ನಿಜ. ಆದರೆ ಗಾಳಿಯಾಡುವ ಬಯಲಿನಲ್ಲಿ ಅದರಿಂದ ಯಾರ ಉಸಿರೂ ಕಟ್ಟುವುದಿಲ್ಲ.

ತಪ್ಪು ಕಲ್ಪನೆ: ಕೆರೆ ಬಯಲಿನಲ್ಲಿ ರಾತ್ರಿ ಓಡಾಡುವ ಬೆಂಕಿ ಕೊಳ್ಳಿದೆವ್ವ. ಅದರ ಹಿಂದೆ ಹೋದವರು ದಾರಿ ತಪ್ಪಿ ಸಾಯುತ್ತಾರೆ.

ವಾಸ್ತವ: ಕೆಸರಿನಡಿ ಕೊಳೆತ ಸೊಪ್ಪುಸದೆಯಿಂದ ಉರಿಯುವ ಅನಿಲ ಹುಟ್ಟುತ್ತದೆ. ಇಟಲಿಯ ವೋಲ್ಟಾ 1776ರಲ್ಲೇ ಸರೋವರದ ಕೆಸರು ಕದಡಿ ಅದನ್ನು ಹಿಡಿದು ಉರಿಸಿ ತೋರಿಸಿದ್ದ. ನಮ್ಮ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಅದೇ ಅನಿಲ. ಜವುಗು ನೆಲದ ಮೇಲೆ ಮಿನುಗುವ ಬೆಳಕಿಗೆ ಇಂಥ ಅನಿಲಗಳೇ ಕಾರಣ ಎಂದು ವಿಜ್ಞಾನಿಗಳು ಹೇಳುತ್ತಾರೆ. ಆದರೆ ಇವತ್ತು ವಿರೂಪಾಕ್ಷಿಪುರದ ಸುತ್ತ ನಡುರಾತ್ರಿ ನಡೆದಾಡುವ ಬೆಳಕು ಹೆಚ್ಚಾಗಿ ಮನುಷ್ಯರದ್ದೇ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ರೈತ ಬ್ಯಾಟರಿ ಹಿಡಿದು ಮೋಟರು ಹಾಕಲು ಹೋಗುತ್ತಾನೆ. ರೇಷ್ಮೆ ಹುಳ ಸಾಕುವ ಮನೆಯವರು ಸೊಪ್ಪು ಹಾಕಲು ರಾತ್ರಿ ಎದ್ದಿರುತ್ತಾರೆ. ತೆಂಗಿನಕಲ್ಲು, ಕಬ್ಬಾಳು ಕಾಡಿನ ಕಡೆಯಿಂದ ಆನೆ ಇಳಿದ ಸುದ್ದಿ ಬಂದರೆ ಕಾವಲಿನವರ ಪಂಜು ಬೇರೆ. ಕತ್ತಲಲ್ಲಿ ಇಲ್ಲಿ ಜೀವ ತೆಗೆಯುವುದು ಈ ಆನೆಗಳೇ. ಕಾಲ ಸದ್ದೇ ಇಲ್ಲದೆ ಬರುತ್ತವೆ. ದೆವ್ವಕ್ಕೆ ತಾಯತ ಕಟ್ಟಿಕೊಂಡು ಒಬ್ಬಂಟಿಯಾಗಿ ತೋಟಕ್ಕೆ ಹೋಗುವವರನ್ನು ಕಂಡಾಗ ಸಂಕಟವಾಗುತ್ತದೆ. ತಾಯತ ಆನೆಯನ್ನು ತಡೆಯುವುದಿಲ್ಲ.

ತಪ್ಪು ಕಲ್ಪನೆ: ಬಾಗಿಲ ಮೇಲೆ ನಾಳೆ ಬಾ ಎಂದು ಬರೆದಿದ್ದಕ್ಕೇ ರಾತ್ರಿ ಬಂದು ಕರೆಯುವ ಮಾಟಗಾತಿ ಹಿಂದಿರುಗಿ ಹೋದಳು.

ವಾಸ್ತವ: 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಿಂದ ಹಳ್ಳಿಗಳವರೆಗೆ ಸೀಮೆಸುಣ್ಣದಲ್ಲಿ, ಇದ್ದಿಲಿನಲ್ಲಿ ಈ ಎರಡು ಮಾತು ಬರೆದ ಬಾಗಿಲುಗಳಿದ್ದವು. ಮನೆಯವರ ದನಿಯಲ್ಲೇ ಕರೆಯುತ್ತಾಳಂತೆ, ಓಗೊಟ್ಟು ಬಾಗಿಲು ತೆಗೆದರೆ ಸಾವಂತೆ. ಸತ್ತವರು ಯಾರು ಎಂದರೆ ಹೇಳಿದವರೆಲ್ಲ ಪಕ್ಕದೂರು ತೋರಿಸುತ್ತಿದ್ದರು. ಪಕ್ಕದೂರಿನವರು ಇನ್ನೊಂದೂರು ತೋರಿಸುತ್ತಿದ್ದರು. ಗಾಳಿಸುದ್ದಿ ನಡೆಯುವುದೇ ಹಾಗೆ. ಬರೆದವರು ಬದುಕಿದರು, ಅದನ್ನು ಬರಹದ ಮಹಿಮೆ ಎಂದರು. ಬರೆಯದವರೂ ಬದುಕಿದರು, ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇದೇ ಎಳೆ ಹಿಡಿದು 2018ರಲ್ಲಿ ಹಿಂದಿಯಲ್ಲಿ ಸ್ತ್ರೀ ಎಂಬ ಸಿನಿಮಾ ಬಂದ ಮೇಲೆ, ಮರೆತಿದ್ದ ಸುದ್ದಿಗೆ ಮತ್ತೆ ಜೀವ ಬಂತು.

ತಪ್ಪು ಕಲ್ಪನೆ: ಕಬ್ಬಾಳದುರ್ಗದ ಮೇಲೆ ಸತ್ತ ಕೈದಿಗಳ ಆತ್ಮಗಳು ಅಲೆಯುತ್ತವೆ.

ವಾಸ್ತವ: ಕೈದಿಗಳು ಸತ್ತದ್ದು ನಿಜ. ಆ ಬೆಟ್ಟ ಹಿಂದೆ ಸೆರೆಮನೆಯಾಗಿತ್ತು. ಮೈಸೂರಿನ ಏಳನೆಯ ಚಾಮರಾಜ ಒಡೆಯರನ್ನು 1734ರಲ್ಲಿ ದಳವಾಯಿಗಳು ಪಟ್ಟದಿಂದ ಇಳಿಸಿ ಕಳಿಸಿದ್ದು ಇಲ್ಲಿಗೇ, ಅವರು ತೀರಿಕೊಂಡದ್ದೂ ಇಲ್ಲೇ. ಹೈದರ್, ಟಿಪ್ಪು ಕಾಲದಲ್ಲೂ ಇದು ಸೆರೆಯಾಗಿಯೇ ಉಳಿಯಿತು. ಇಲ್ಲಿನ ನೀರೇ ವಿಷ ಎಂಬ ಮಾತು ಆಗಲೇ ಹಬ್ಬಿತ್ತು. ಸುತ್ತ ಚಳಿಜ್ವರದ ಕಾಡು, ಮೇಲೆ ನಿಂತ ನೀರು, ಹೊಟ್ಟೆಗಿಲ್ಲದ ಕೈದಿ: ಸಾಯಲು ಇಷ್ಟು ಸಾಕು. ಮಾಗಡಿಯ ಸಾವನದುರ್ಗಕ್ಕೂ ಜ್ವರದ ಇದೇ ಕುಖ್ಯಾತಿ ಇತ್ತು. ಪಟ್ಟ ಕಳೆದುಕೊಂಡು ಬಂಡೆಯ ಮೇಲೆ ಕೊನೆಯಾದ ದೊರೆಯ ಹೆಸರು ಗೊತ್ತಿಲ್ಲದೆ ದೆವ್ವದ ವಿಡಿಯೋ ಮಾಡಲು ಮಾತ್ರ ಬೆಟ್ಟ ಹತ್ತುವುದು ದುಃಖದ ಸಂಗತಿ.

ತಪ್ಪು ಕಲ್ಪನೆ: ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಿಳಿ ಸೀರೆಯವಳು ಅಡ್ಡ ಬರುವುದರಿಂದಲೇ ಅಪಘಾತ.

ವಾಸ್ತವ: 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಈ ರಸ್ತೆಯಲ್ಲಿ ಮೊದಲ ತಿಂಗಳುಗಳಲ್ಲಿ ತುಂಬಾ ಜನ ಸತ್ತರು. ಅತಿವೇಗ, ಕಂಡಕಂಡಲ್ಲಿ ನಿಲ್ಲಿಸಿದ ಲಾರಿ, ಬೆಳಗಿನ ಜಾವದ ತೂಕಡಿಕೆ. ಆಗಸ್ಟ್ 1ರಿಂದ ಬೈಕು, ಆಟೊ ನಿಷೇಧಿಸಿದರು, ವೇಗ ಹಿಡಿಯುವ ಕ್ಯಾಮೆರಾ ಕೂರಿಸಿದರು, ಸಾವು ಇಳಿಯಿತು. ದೆವ್ವ ಕಾರಣವಾಗಿದ್ದರೆ ಕ್ಯಾಮೆರಾದಿಂದ ಇಳಿಯುತ್ತಿರಲಿಲ್ಲ.

ತಪ್ಪು ಕಲ್ಪನೆ: ದೆವ್ವದ ಮನೆಯಲ್ಲಿ ದೆವ್ವ ಹುಡುಕುವವರ ಮೀಟರಿನ ಮುಳ್ಳು ಆಡುತ್ತದೆ, ಫೋಟೋದಲ್ಲಿ ಬೆಳಕಿನ ಗೋಳ ಬೀಳುತ್ತದೆ.

ವಾಸ್ತವ: ಆ ಮೀಟರು ವಿದ್ಯುತ್ಕಾಂತೀಯ ಕ್ಷೇತ್ರ ಅಳೆಯುವಂಥದ್ದು. ಗೋಡೆಯೊಳಗಿನ ವೈರಿಗೂ, ಜೇಬಿನ ಮೊಬೈಲಿಗೂ ಆಡುತ್ತದೆ. ಗೋಳವೆಂದರೆ ಫ್ಲಾಶಿಗೆ ಹೊಳೆದ ಧೂಳು ಇಲ್ಲವೇ ಹುಳ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯ ಟೆರಾ ವೆರಾ ಮನೆ ದೆವ್ವದ ಮನೆಗಳ ಪಟ್ಟಿಗಳಲ್ಲಿ ಸದಾ ಮೇಲಿರುತ್ತಿತ್ತು. 2002ರಲ್ಲಿ ಅಲ್ಲಿ ಒಬ್ಬ ವೃದ್ಧೆಯ ಕೊಲೆಯಾಗಿತ್ತು. ಕೊಂದದ್ದು ಮನುಷ್ಯ. ಒಡಹುಟ್ಟಿದವಳನ್ನು ಕಳೆದುಕೊಂಡು ಮನೆ ಬಿಟ್ಟ ಸೋದರಿಯ ನೋವು ಯಾವ ಕಥೆಯಲ್ಲೂ ಬರಲಿಲ್ಲ. ಮನೆಯನ್ನು ಆಮೇಲೆ ಕೆಡವಿದರು, ಕಥೆ ಮಾತ್ರ ಇನ್ನೂ ಮಾರಾಟವಾಗುತ್ತಿದೆ.

ತಪ್ಪು ಕಲ್ಪನೆ: ಮೈಮೇಲೆ ಬಂದ ದೆವ್ವವನ್ನು ಹೊಡೆದೇ ಬಿಡಿಸಬೇಕು, ಪೆಟ್ಟು ಬೀಳುವುದು ದೆವ್ವಕ್ಕೆ.

ವಾಸ್ತವ: ಪೆಟ್ಟು ಬೀಳುವುದು ಮಗಳಿಗೆ, ಸೊಸೆಗೆ. ಉಳಿದ ಕಥೆಗಳನ್ನು ಬೇಕಾದರೆ ಕಥೆಯೆಂದು ಕೇಳಿ ಬಿಡಬಹುದು, ಇದನ್ನು ಬಿಡಲಾಗದು. ನಿದ್ದೆಯಲ್ಲಿ ಎದೆ ಮೇಲೆ ಯಾರೋ ಕೂತಂತಾಗಿ ಕೈಕಾಲು ಆಡದಿರುವುದು ಕನಸಿನ ಹೊತ್ತಿನ ಸ್ನಾಯುಸಡಿಲಿಕೆ ಮುಗಿಯುವ ಮೊದಲೇ ಎಚ್ಚರವಾದಾಗ ಆಗುವಂಥದ್ದು, ಸ್ವಲ್ಪ ಹೊತ್ತಿಗೆ ತಾನೇ ಹೋಗುತ್ತದೆ. ದನಿ ಬದಲಾಗಿ ಮಾತಾಡುವುದು, ಬಿದ್ದು ಒದ್ದಾಡುವುದು, ತಾನು ಬೇರೆ ಯಾರೋ ಎನ್ನುವುದು ಇವುಗಳ ಹಿಂದೆ ಮೂರ್ಛೆ ರೋಗವೋ, ಮನೋರೋಗವೋ, ಹೇಳಿಕೊಳ್ಳಲಾಗದ ಮನೆಯ ಸಂಕಟವೋ ಇರಬಹುದು. ಬಾಯಿ ತೆರೆಯಲು ಬಿಡದ ಮನೆಯಲ್ಲಿ ದೆವ್ವದ ಬಾಯಲ್ಲಾದರೂ ಮಾತು ಹೊರಬರುತ್ತದೆ. ಕಬ್ಬಾಳಮ್ಮನಿಗೆ ಹರಕೆ ಹೊರುವುದನ್ನು ಯಾರೂ ಬೇಡವೆನ್ನುವುದಿಲ್ಲ. ಹರಕೆಯೂ ಇರಲಿ, ಡಾಕ್ಟರೂ ಇರಲಿ. ಆದರೆ ದೆವ್ವ ಬಿಡಿಸುವ ಹೆಸರಲ್ಲಿ ಹಗ್ಗ, ಸರಪಳಿ ಬಿಗಿದು ಹೊಡೆಯುವುದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. 2020ರಿಂದ ಜಾರಿಯಲ್ಲಿದೆ, ಜೈಲು ಶಿಕ್ಷೆಯಿದೆ. ಅಂಥ ಹೊಡೆತ ಕಣ್ಣಿಗೆ ಬಿದ್ದರೆ ಪೊಲೀಸರನ್ನು ಕರೆಯಲು 112. ಸಮೀಪದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವ ಮೊದಲು ಯಾರನ್ನಾದರೂ ಕೇಳಬೇಕೆನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡುತ್ತಾರೆ, ಕಾಸು ಕೇಳುವುದಿಲ್ಲ.