ಗೋಡೆ ಇಲ್ಲದ ಹಜಾರ

ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಐದನೇ ಟರ್ಮಿನಲ್‌ನಿಂದ ವಿಮಾನಗಳು ಹಾರಲು ಶುರುವಾದದ್ದು 2008ರ ಮಾರ್ಚ್ 27ರಂದು. ಅದರ ಮುನ್ನಾದಿನ ಒಂದು ಯೋಜನೆಯನ್ನು ತರಾತುರಿಯಲ್ಲಿ ತಡೆಹಿಡಿದರು. ಬ್ರಿಟನ್ನಿನ ಒಳಗೇ ಓಡಾಡುವವರ ಬೆರಳಚ್ಚು ತೆಗೆದುಕೊಳ್ಳುವ ಯೋಜನೆ ಅದು. ಲಂಡನ್ನಿನಿಂದ ಎಡಿನ್‌ಬರೋಗೆ ಹೊರಟವರು, ತಮ್ಮದೇ ದೇಶದಲ್ಲಿ, ಬೆರಳೇಕೆ ಒತ್ತಬೇಕಿತ್ತು? ಕಾರಣ ಕಟ್ಟಡದ ನಕ್ಷೆಯಲ್ಲೇ ಇತ್ತು.

ಟರ್ಮಿನಲ್ ಕಟ್ಟುವವರ ತಲೆನೋವೆಲ್ಲ ಯಾರು ಯಾರ ಜತೆ ಬೆರೆಯಬಾರದು ಎಂಬುದರಲ್ಲಿದೆ. ಹೊರದೇಶದಿಂದ ಬಂದವರು ಇಮಿಗ್ರೇಷನ್ ದಾಟುವ ತನಕ ಊರಿನವರ ಜತೆ ಸೇರುವಂತಿಲ್ಲ. ಅದಕ್ಕೇ ಎಷ್ಟೋ ಕಡೆ ಇಳಿದವರಿಗೆ ಒಂದು ಮಹಡಿ, ಏರುವವರಿಗೆ ಇನ್ನೊಂದು. ಒಂದೇ ಗೇಟಿಗೆ ಎರಡು ದಾರಿ ಇಟ್ಟು, ಒಂದನ್ನು ತೆರೆದಾಗ ಇನ್ನೊಂದಕ್ಕೆ ಬೀಗ ಹಾಕುವುದೂ ಉಂಟು.

ನಮ್ಮಲ್ಲಿ ದೇಶ ಬಿಡುವಾಗಲೂ ಇಮಿಗ್ರೇಷನ್ ಉಂಟು. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ವಿದೇಶ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ಗೆ ಹೋದವು. ಅಲ್ಲಿ ದೆಹಲಿಗೆ ಹೊರಟವರೂ ದುಬೈಗೆ ಹೊರಟವರೂ ಒಂದೇ ಸೂರಿನಡಿ ಬಂದರೂ, ಒಳಗೆ ಅವರ ದಾರಿ ಕವಲೊಡೆಯುತ್ತದೆ.

ಬ್ರಿಟನ್ನಿನಲ್ಲಿ ಹೊರಡುವವರಿಗೆ ಇಮಿಗ್ರೇಷನ್ ಕೌಂಟರ್ ಇಲ್ಲ. ಹಾಗಾಗಿ ಐದನೇ ಟರ್ಮಿನಲ್‌ನಲ್ಲಿ ಸ್ವದೇಶ, ವಿದೇಶ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಹಜಾರ. ಅಂಗಡಿಗಳನ್ನು ಎರಡೆರಡು ಕಡೆ ತೆರೆಯಬೇಕಿಲ್ಲ. ಆದರೆ ಬೆಂಗಳೂರಿನಿಂದ ಬಂದು ನ್ಯೂಯಾರ್ಕಿಗೆ ವಿಮಾನ ಬದಲಿಸುವವರಂಥ ಪ್ರಯಾಣಿಕರು ಬ್ರಿಟನ್ನಿನ ಗಡಿ ದಾಟದೆಯೇ ಆ ಹಜಾರಕ್ಕೆ ಬರುತ್ತಾರೆ. ಹೀಗೆ ಬಂದ ಯಾರಾದರೂ ಎಡಿನ್‌ಬರೋ ಪ್ರಯಾಣಿಕರೊಂದಿಗೆ ಬೋರ್ಡಿಂಗ್ ಪಾಸ್ ಅದಲುಬದಲು ಮಾಡಿಕೊಂಡರೆ? ಅಲ್ಲಿ ಇಳಿದಾಗ ಪಾಸ್‌ಪೋರ್ಟ್ ಕೇಳುವವರೇ ಇರುವುದಿಲ್ಲ.

ಆ ಕಿಂಡಿ ಮುಚ್ಚಲು ಬೆರಳಚ್ಚು ಬೇಕಾಯಿತು. ದತ್ತಾಂಶ ರಕ್ಷಣೆಯ ಕಾನೂನಿಗೆ ಇದು ಒಗ್ಗುತ್ತದೆಯೇ ಎಂದು ಬ್ರಿಟನ್ನಿನ ಮಾಹಿತಿ ಆಯುಕ್ತರು ಪ್ರಶ್ನಿಸಿದರು. ಬೆರಳಚ್ಚು ಹೋಗಿ ಫೋಟೊ ಬಂತು. ಒಳಬರುವಾಗ ಮುಖದ ಚಿತ್ರ ತೆಗೆದು, ವಿಮಾನ ಹತ್ತುವ ಮುಂಚೆ ತಾಳೆ ನೋಡುವುದು. ಗೋಡೆ ಮಾಡಬೇಕಿದ್ದ ಕೆಲಸ ಪ್ರಯಾಣಿಕರ ಮುಖದ ಮೇಲೆ ಬಿತ್ತು. ನನಗಿದು ಸರಿ ಕಾಣುವುದಿಲ್ಲ. ಗೋಡೆ ನಮ್ಮನ್ನು ತಡೆದೀತು, ನಮ್ಮ ಗುರುತು ಇಟ್ಟುಕೊಳ್ಳುವುದಿಲ್ಲ.

ಗಡಿಯನ್ನು ಕಣ್ಣಿಗೆ ಕಾಣುವಂತೆ ಕಟ್ಟಿದ ಕಡೆಯೂ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ವಿಮಾನ ನಿಲ್ದಾಣ ಇರುವುದು ಪೂರ್ತಿ ಫ್ರಾನ್ಸಿನ ನೆಲದಲ್ಲಿ. 1949ರಲ್ಲಿ ಎರಡೂ ದೇಶ ಒಪ್ಪಂದ ಮಾಡಿಕೊಂಡು ಟರ್ಮಿನಲ್ಲನ್ನು ಹಂಚಿಕೊಂಡವು. ಸ್ವಿಸ್ ಬಾಗಿಲಿಂದ ಹೊರಬಂದವರು ಬೇಲಿ ಹಾಕಿದ ರಸ್ತೆಯಲ್ಲಿ, ಫ್ರಾನ್ಸಿನ ಕಸ್ಟಮ್ಸ್ ಮುಟ್ಟದೆ, ನೇರ ಬಾಸೆಲ್ ಸೇರುತ್ತಾರೆ. ಸ್ವಿಸ್ ಕಡೆ ಬಾಡಿಗೆ ಕಾರು ಗೊತ್ತುಮಾಡಿ ಫ್ರೆಂಚ್ ಬಾಗಿಲಿಂದ ಹೊರಬಿದ್ದವರು ಮತ್ತೆ ಒಳಗೆ ಹೋಗಿ ಆಚೆ ಬದಿಗೆ ದಾಟಿಕೊಳ್ಳಬೇಕು.